ನೀಲವ್ವನ ಕಿವಿಗೆ ಮುಖ ಮಾಡಿದವನು

ನಾನು ಒಂದು ಸ್ಪೀಕರು. ಹೋಮ್ ಥಿಯೇಟರಿನ ಐದು ಜನರಲ್ಲಿ ಟಿವಿಯ ಕೆಳಗೆ ಅಡ್ಡ ಮಲಗುವ ನಡುವಿನವನು. ನನ್ನನ್ನು ಹುಟ್ಟಿಸಿದ ಕಾರ್ಖಾನೆಯವರ ಮೇಲೆ ನನಗೆ ಸಿಟ್ಟಿಲ್ಲ. ಕಟ್ಟಿಗೆಯ ಮೈ, ಕಾಗದದ ಎದೆ ಕೊಟ್ಟು, ಥರ್ಮಾಕೋಲಿನಲ್ಲಿ ಬೆಚ್ಚಗೆ ಮಲಗಿಸಿ ಕಳಿಸಿದರು. ನನ್ನ ಸಿಟ್ಟೆಲ್ಲ ಕೊಂಡವರ ಮೇಲೆ. ಅದು ಇನ್ನೂ ಆರಿಲ್ಲ, ಆರುವುದೂ ಬೇಡ.

ಕೊಂಡವರು ರಾಣೆಬೆನ್ನೂರಿನಲ್ಲಿ ಪಾತ್ರೆ-ಬಾಂಡೆಯ ಅಂಗಡಿ ಇಟ್ಟಿದ್ದ ಅಣ್ಣತಮ್ಮಂದಿರು. ದೊಡ್ಡವನು ಮಹಾರುದ್ರಪ್ಪ, ಸಣ್ಣವನು ಶಂಭುಲಿಂಗ. ಅವರ ತಾಯಿ ನೀಲವ್ವನಿಗೆ ಕಿವಿ ಸ್ವಲ್ಪ ಮಂದ. ಪುರಾಣದ ಸಿನಿಮಾ ಬಂದರೆ ಊಟ ಬಿಟ್ಟು ಕೂರುವಾಕೆ, ಆದರೆ ಮಾತು ತಿಳಿಯದೆ ಪಕ್ಕದವರನ್ನು ಕೇಳಬೇಕಿತ್ತು. ಅವ್ವನಿಗಾಗಿ ತಂದೆವು ಎಂದು ಊರಿಗೆಲ್ಲ ಡಂಗುರ ಸಾರಿ ನಮ್ಮನ್ನು ಮನೆಗೆ ತಂದರು.

ಜೋಡಿಸಲು ಬಂದ ಮೆಕ್ಯಾನಿಕ್ ದಾವಲಸಾಬ ಕೆಲಸ ಬಲ್ಲವನು. ನೀಲವ್ವನ ಬೆತ್ತದ ಕುರ್ಚಿಯಿಂದ ಸುತಳಿ ಹಿಡಿದು ಎಡದವನಿಗೂ ಬಲದವನಿಗೂ ದೂರ ಸಮ ಮಾಡಿದ. ಇಬ್ಬರ ಮುಖವನ್ನೂ ಕುರ್ಚಿಯ ಕಡೆ ಸ್ವಲ್ಪ ಒಳಗೆ ತಿರುಗಿಸಿದ. ಹಿಂದಿನ ಇಬ್ಬರನ್ನು ಆಕೆಯ ತಲೆಗಿಂತ ಒಂದು ಗೇಣು ಮೇಲೆ ಗೋಡೆಗೆ ಕೂರಿಸಿದ. ಕೊನೆಗೆ ನನ್ನ ಸರದಿ ಬಂತು.

“ಇದು ಮಾತಿನ ಪೆಟಿಗಿ ನೋಡ್ರಿ. ಸಿನಿಮಾದಾಗ ಯಾರು ಬಾಯಿ ತೆಗೆದ್ರೂ ಮಾತು ಇದರಾಗಿಂದನ ಬರ್ತೈತಿ. ಇದರ ಮಾರಿ ಅಮ್ಮಾರ ಕಿವಿ ಕಡೆ ಇರಬೇಕು. ಈಗ ಮೊಣಕಾಲಿನ ಕೂಡ ಮಾತಾಡಾಕತ್ತೈತಿ” ಎಂದ.

ನೀಲವ್ವ ಸೊಂಟದ ಸಂಚಿಯಿಂದ ಹಿತ್ತಾಳೆಯ ಸುಣ್ಣದ ಡಬ್ಬಿ ತೆಗೆದಳು. “ಇದನ್ನ ಒತ್ತು ಕೊಟ್ಟು ನೋಡೋ ಯಪ್ಪಾ.”

ಡಬ್ಬಿ ನನ್ನ ಗದ್ದದ ಕೆಳಗೆ ಕೂತಿತು, ನಾನು ತಲೆಯೆತ್ತಿದೆ. ಸಿನಿಮಾ ಹಚ್ಚಿದಾಗ ಆಕೆ ಬಾಯಿಯ ಮೇಲೆ ಕೈಯಿಟ್ಟುಕೊಂಡಳು. “ಅಯ್ಯ, ಎದುರಿಗೆ ಕುಂತು ನನ್ನ ಕೂಡನ ಮಾತಾಡಿದಂಗ ಆತಲ್ಲೋ!” ನನ್ನ ಬಾಳಿನ ಸುಖವೆಲ್ಲ ಅಲ್ಲಿಂದ ಮುಂದಿನ ಒಂದು ವರ್ಷದಲ್ಲೇ ಮುಗಿಯಿತು.

ಗಂಡುಮಕ್ಕಳಿಬ್ಬರಿಗೂ ಕೈ ತುರಿಕೆ. ಅಣ್ಣ ಬಂದವನೇ ಎಡಬಲದವರನ್ನು ತನ್ನ ಸೋಫಾದ ಕಡೆ ತಿರುಗಿಸುತ್ತಿದ್ದ, ತಮ್ಮ ಬಂದು ತನ್ನ ಮಂಚದ ಕಡೆ. ಅವ್ವ ನಡುವೆ ಕೂತಿದ್ದಾಳೆಂಬುದು ಇಬ್ಬರಿಗೂ ಮರೆತೇಹೋಯಿತು. ಅಲ್ಲಿ ಹತ್ತಿದ ಕಿಡಿ ಅಂಗಡಿಗೆ ಹೋಯಿತು, ಹೆಂಡಿರ ಬಾಯಿಗೆ ಹೋಯಿತು, ಕಡೆಗೆ ಹಿರಿಯರು ಬಂದು ಪಾಲು ಮಾಡಿದರು. ಕೊಪ್ಪರಿಗೆ, ಮಂಚ, ಬೀಸುವ ಕಲ್ಲು ಎಲ್ಲ ಹಂಚಿ ಮುಗಿದ ಮೇಲೆ ನಾವು ಉಳಿದೆವು. ಟಿವಿ, ನಮ್ಮನ್ನು ನಡೆಸುವ ಯಂತ್ರ, ಎಡದ ಇಬ್ಬರು ಅಣ್ಣನಿಗೆ. ಬಲದ ಇಬ್ಬರು ಮತ್ತು ನಾನು ತಮ್ಮನಿಗೆ.

ಬಿಚ್ಚಲು ಬಂದ ದಾವಲಸಾಬ ತಲೆ ಚಚ್ಚಿಕೊಂಡ. “ಬ್ಯಾರೆ ಮಾಡಿದ್ರ ಇವು ಯಾವ್ದಕ್ಕೂ ಬರಂಗಿಲ್ರಿ.”

“ಬರದಿದ್ರ ಹೋಗ್ಲಿ. ಅವಂಗ ಪೂರಾ ಸಿಗಬಾರದು” ಎಂದ ಶಂಭುಲಿಂಗ. ದಾವಲಸಾಬ ಹಿಂದೆ ಸರಿದಾಗ ತಾನೇ ಕತ್ತರಿ ತಂದು ನನ್ನ ವೈರು ಕತ್ತರಿಸಿದ.

ಮನೆಯ ನಡುವೆ ಗೋಡೆ ಎದ್ದಿತು, ಸರಿಯಾಗಿ ನೀಲವ್ವನ ಕುರ್ಚಿ ಇದ್ದಲ್ಲಿ. ಆಕೆ ಅಣ್ಣನ ಪಾಲಿಗೆ ಹೋದಳು, ಸುಣ್ಣದ ಡಬ್ಬಿಯೂ ಜೊತೆಗೆ ಹೋಯಿತು. ನಾನು ತಮ್ಮನ ಮನೆಯ ಗೂಡಿನಲ್ಲಿ ಮುಖ ಕೆಳಗೆ ಹಾಕಿ ಕೂತೆ.

ಒಂದಿಟ್ಟಿಗೆಯ ಗೋಡೆ ಏನನ್ನೂ ಮುಚ್ಚಿಡುವುದಿಲ್ಲ. ಆಚೆ ಸಿನಿಮಾ ಹಚ್ಚಿದರೆ ಕುದುರೆ ಓಡುವುದು, ಗುಡುಗು, ಡೋಲು ಎಲ್ಲ ಕೇಳುತ್ತಿತ್ತು. ಮಾತು ಮಾತ್ರ ಇಲ್ಲ. ಮಾತು ನನ್ನ ಪಾಲಿನದು, ನಾನು ಈಚೆಗಿದ್ದೆ.

“ರುದ್ರಪ್ಪ, ಇವ್ರು ಬರೇ ಬಾಯಿ ಆಡಸ್ತಾರಲ್ಲೋ. ಕುದರಿ ಕೇಳಸ್ತಾವ, ಮಾತು ಕೇಳಸವಲ್ದು” ಎಂದಳು ನೀಲವ್ವ.

“ವಯಸ್ಸಾತಲ್ಲಬೇ. ಇನ್ನ ದೊಡ್ಡ ಸಪ್ಪಳ ಅಷ್ಟ ಕೇಳ್ತಾವ. ನಿನ್ನ ಕಿವಿ ಹ್ವಾದ್ವು” ಎಂದ ಮಹಾರುದ್ರಪ್ಪ.

ಭಂಡ! ಅವನಿಗೆ ಮಾತೇನು ಕೇಳುತ್ತಿತ್ತೇ? ಆದರೆ ತನ್ನ ಪಾಲು ಕುಂಟೆಂದು ಒಪ್ಪಿದರೆ ತಮ್ಮನ ಬಾಗಿಲಿಗೆ ಬಂದು ನನ್ನನ್ನು ಕೇಳಬೇಕು. ಅದಕ್ಕಿಂತ ತಾಯಿಯನ್ನು ಕಿವುಡಿ ಮಾಡುವುದು ಅವನಿಗೆ ಸುಲಭವಾಯಿತು. ನೀಲವ್ವ ಮಗನ ಮಾತು ನಂಬಿದಳು. ಕರೆದರೂ ಓಗೊಡುವುದನ್ನು ಬರಬರುತ್ತ ಬಿಟ್ಟಳು. ಹೇಗೂ ಕೇಳುವುದಿಲ್ಲವಲ್ಲ ಎಂದು ಮನೆಯವರೂ ಕರೆಯುವುದನ್ನು ಬಿಟ್ಟರು.

ಒಂದು ಯುಗಾದಿಗೆ ಬೇವುಬೆಲ್ಲ ಹಿಡಿದು ಆಕೆ ಈಚೆ ಬಂದಳು. ಗೂಡಿನಲ್ಲಿ ನನ್ನನ್ನು ಕಂಡು ಸೆರಗಿನಿಂದ ಧೂಳು ಒರೆಸಿದಳು. ಸಂಚಿಯಿಂದ ಡಬ್ಬಿ ತೆಗೆದು, ಬಗ್ಗಲಾರದೆ ಬಗ್ಗಿ, ನನ್ನ ಗದ್ದಕ್ಕೆ ಒತ್ತು ಕೊಟ್ಟಳು. “ಶಂಭು, ಹಚ್ಚೋ ಇದನ್ನ” ಎಂದು ಎದುರಿಗೆ ಕೂತಳು.

ಶಂಭುಲಿಂಗ ತನ್ನ ಹೊಸ ಟಿವಿ ಹಚ್ಚಿದ. ಅದರ ಬೆನ್ನಿನಿಂದ ಹೊರಡುವ ಸಣ್ಣ ದನಿ ಹಿಂದಿನ ಗೋಡೆಯ ಪಾಲಾಯಿತು. ನೀಲವ್ವ ನನ್ನನ್ನೇ ನೋಡುತ್ತ ಕಾದಳು.

“ಇದರಾಗೂ ಕೇಳಸವಲ್ದು. ರುದ್ರಪ್ಪ ಹೇಳಿದ್ದು ಖರೆ ಐತಿ. ನನ್ನ ಕಿವಿ ಪೂರಾ ಸತ್ತಾವ.”

ನನ್ನ ಬೆನ್ನಿನಿಂದ ತುಂಡು ವೈರು ಜೋತಾಡುತ್ತಿತ್ತು. ಶಂಭುಲಿಂಗ ಅದನ್ನು ನೋಡಿದ. ಕತ್ತರಿಸಿದವನು ತಾನೇ. ಅವ್ವ, ಇದಕ್ಕೆ ವೈರಿಲ್ಲ ಎಂದು ಒಂದು ಮಾತು ಹೇಳಿದ್ದರೆ ಸಾಕಿತ್ತು. ಬದಲಿಗೆ ಅವನು ಹೆಬ್ಬೆರಳನ್ನು ಬಾಯಿಯ ಹತ್ತಿರ ತಂದು, ಚಹಾ ಬೇಕೇ ಎಂದು ಕೈಸನ್ನೆಯಲ್ಲಿ ಕೇಳಿದ.

ಆಕೆ ಬೇಡವೆಂದು ತಲೆಯಾಡಿಸಿ ಎದ್ದು ಹೋದಳು. ಡಬ್ಬಿಯನ್ನು ತೆಗೆದುಕೊಳ್ಳಲಿಲ್ಲ.

ನನಗೀಗ ವಯಸ್ಸಾಗಿದೆ. ಕಾಗದದ ಎದೆಗೆ ಹುಳು ಹಿಡಿದಿದೆ. ಮುಖ ಮಾತ್ರ ಇಂದಿಗೂ ನೀಲವ್ವನ ಕಿವಿಯ ಎತ್ತರಕ್ಕೇ ಇದೆ, ಎದುರಿಗೆ ಗೋಡೆ. ಯಾರಾದರೂ ಎರಡು ಮೊಳ ವೈರು ತಂದು ಹಚ್ಚಲಿ, ಸಿನಿಮಾದ ಮಾತು ಆಮೇಲೆ. ಮೊದಲು ಗೋಡೆಯಾಚೆಗೆ ಕೇಳುವಂತೆ ಕೂಗಿ ಹೇಳುತ್ತೇನೆ: ನೀಲವ್ವ, ನಿನ್ನ ಕಿವಿ ಬದುಕಿವೆ, ಸುಳ್ಳು ಹೇಳಿದವರು ನಿನ್ನ ಮಕ್ಕಳು.