ಮಧ್ಯದ ಡಬ್ಬ

ಹಿಂದೂಪುರದಿಂದ ಕಲ್ಯಾಣದುರ್ಗದವರೆಗೆ ಹೇಮಾವತಿ ಆ ಡಬ್ಬವನ್ನು ತೊಡೆಯಿಂದ ಕೆಳಗಿಳಿಸಲಿಲ್ಲ. ಬಸ್ಸಿನಲ್ಲಿ ಪಕ್ಕ ಕೂತಿದ್ದ ಹೆಂಗಸು "ಟೀವಿನಾ ಅಕ್ಕಾ?" ಅಂದಿದ್ದಕ್ಕೆ, "ಅಲ್ಲಮ್ಮ, ಸ್ಟೀರಿಯೊ. ನಮ್ಮ ತವರು ಮನೆಗೆ" ಅಂತ ಬೀಗಿಕೊಂಡೇ ಹೇಳಿದ್ದಳು. ಯಾಕೆ ಬೀಗಬಾರದು? ಗಂಡ ರೇಣುಕಾಪ್ರಸಾದನ ಮುಂದೆ ಕೈಚಾಚದೆ, ಬ್ಲೌಸು ಹೊಲಿದು ಕೂಡಿಟ್ಟದ್ದರಲ್ಲಿ ತಂದ ಸಾಮಾನು. ಅವ್ವ ತೀರಿಕೊಂಡ ಮೇಲೆ ಇದು ಮೊದಲ ಪಂಚಮಿ ಹಬ್ಬ. ಅವ್ವ ಇದ್ದಾಗ ಆ ಮನೆಯಲ್ಲಿ ಬೆಳಗಾದರೆ ಹಳೆಯ ಟೇಪ್‌ರೆಕಾರ್ಡರಿನಿಂದ ಭಜನೆ ಕೇಳುತ್ತಿತ್ತು. ಟೇಪೂ ಕೆಟ್ಟುಹೋಯಿತು, ಅವ್ವನೂ ಇಲ್ಲ. ಮನೆ ಮೂಗಿಯ ಹಾಗೆ ಬಿದ್ದಿರಬಾರದು ಅನ್ನುವುದೊಂದೇ ಅವಳ ಆಸೆ.

ಆಟೋ ಇಳಿದು ನೋಡುತ್ತಾಳೆ, ಮನೆಗೆ ಎರಡು ಬಾಗಿಲು!

ಓಣಿ ತಪ್ಪಿತೇನೋ ಅಂದುಕೊಂಡಳು. ಜಗಲಿ ಅದೇ. ಜಗಲಿಯ ಕಲ್ಲುಕಂಬ ಅದೇ. ಬಲಗಡೆ ಹಳೆಯ ಬಾಗಿಲೂ ಅದೇ. ಎಡಗಡೆ ಮಾತ್ರ, ಮೊದಲು ಕಿಟಕಿ ಇದ್ದ ಕಡೆ, ಹೊಸ ಬಾಗಿಲು. ಅದಕ್ಕಿನ್ನೂ ಬಣ್ಣ ಬಳಿದಿರಲಿಲ್ಲ. ಆಟೋದವನು ಮೀಟರು ನೋಡುವವನ ಹಾಗೆ ಅವಳ ಮುಖ ನೋಡುತ್ತಾ, "ಯಾವ ಬಾಗ್ಲಿಗೆ ಇಳಿಸ್ಲಿ ಅಮ್ಮಾ?" ಅಂದ. ಅಯ್ಯೋ, ಅದನ್ನು ಅವಳೇ ಯಾರನ್ನಾದರೂ ಕೇಳಬೇಕಿತ್ತು! ಜಗಲಿಯ ಮೇಲೆ ಇಳಿಸು ಅಂದಳು.

ಬಲಗಡೆ ಬಾಗಿಲಿನಿಂದ ಅಣ್ಣನ ಹೆಂಡತಿ ಪಂಪಮ್ಮ ಬಂದಳು. "ಬಾರಮ್ಮ ಹೇಮಮ್ಮ, ಕಾಲು ತೊಳ್ಕ. ಒಬ್ಬಟ್ಟು ಬೇಯ್ತಾ ಐತೆ."

ಆ ಮಾತು ಮುಗಿಯುವಷ್ಟರಲ್ಲಿ ಎಡಗಡೆ ಬಾಗಿಲಿನಿಂದ ತಮ್ಮನ ಹೆಂಡತಿ ಕಲ್ಪನಾ ಬಂದಳು. "ಅಕ್ಕಾ, ನಮ್ಮನೆಗೆ ಬಾ. ಬಿಸಿನೀರು ಕಾಯ್ಸಿಟ್ಟೀನಿ."

ಇಬ್ಬರೂ ಒಬ್ಬರನ್ನೊಬ್ಬರು ನೋಡಲಿಲ್ಲ. ನೋಡಿದ್ದೆಲ್ಲ ಹೇಮಾವತಿಯನ್ನೇ. ಅವಳಿಗೆ ಈಗ ಹೊಳೆಯಿತು, ಈ ಸಲ ಅಣ್ಣನೂ ತಮ್ಮನೂ ಬೇರೆಬೇರೆ ಫೋನ್ ಮಾಡಿ ಹಬ್ಬಕ್ಕೆ ಕರೆದದ್ದು ಯಾಕೆ ಅಂತ. ಎಷ್ಟು ಪ್ರೀತಿ ನೋಡು ನನ್ನ ಮೇಲೆ ಅಂದುಕೊಂಡಿದ್ದಳು, ಪೆದ್ದಿ.

ಅಷ್ಟರಲ್ಲಿ ಅಣ್ಣ ಶಿವಯೋಗಪ್ಪ ಹೊರಗೆ ಬಂದ. ಊರಲ್ಲಿ ಸೀರೆ ಅಂಗಡಿ ಇಟ್ಟವನು, ಮಾತಿಗೆ ಮೊದಲು ಮೀಸೆ ಸವರಿಕೊಳ್ಳುವವನು. ಹಿಂದೆಯೇ ಎಡಗಡೆಯಿಂದ ತಮ್ಮ ಕೊಟ್ರೇಶ. ಅವನದು ಬೀಜ, ಗೊಬ್ಬರದ ಅಂಗಡಿ.

"ಏನಣ್ಣ ಇದು? ಯಾವಾಗ ಕಟ್ಟಿದ್ರಿ ಇದ್ನ?"

"ಹೇಳ್ಬೇಕು ಅಂತಾನೇ ಇದ್ವಿ ಕಣಮ್ಮ. ಫೋನ್ನಾಗೆ ಹೆಂಗೆ ಹೇಳಾದು? ಬಂದಾಗ ನೋಡ್ತೀಯಲ್ಲ."

ನೋಡಿದಳು. ಬಲಗಡೆ ಬಾಗಿಲಿನಿಂದ ಇಣುಕಿದರೆ ಪಡಸಾಲೆಯ ನಟ್ಟನಡುವೆ ಇಟ್ಟಿಗೆಯ ಗೋಡೆ, ಗಿಲಾವು ಕೂಡ ಮಾಡಿಲ್ಲ. ಎಡಗಡೆಯಿಂದ ಇಣುಕಿದರೂ ಅದೇ ಗೋಡೆ. ಪಡಸಾಲೆಯ ಮಧ್ಯದಲ್ಲಿ ಅವ್ವನ ಮಂಚ ಇರುತ್ತಿತ್ತು, ಅದರ ಪಕ್ಕ ಚಾಪೆ ಹಾಸಿಕೊಂಡು ಹೇಮಾವತಿ ಮಲಗುತ್ತಿದ್ದಳು. ಮದುವೆಯಾದ ಮೇಲೂ ಬಂದಾಗೆಲ್ಲ ಅಲ್ಲೇ. ಈಗ ಸರಿಯಾಗಿ ಆ ಜಾಗದ ಮೇಲೆ ಗೋಡೆ ಎದ್ದಿತ್ತು.

ಜಗಳವಾದರೂ ಎಂಥದ್ದು ಅಂತೀರಿ! ಅಂಗಡಿಯಲ್ಲಿ ಜಾಗ ಸಾಲದೆ ಕೊಟ್ರೇಶ ಗೊಬ್ಬರದ ಮೂಟೆಗಳನ್ನು ಪಡಸಾಲೆಯಲ್ಲಿ ಇಟ್ಟನಂತೆ. ಅಲ್ಲೇ ಅಣ್ಣನ ಸೀರೆಯ ಗಂಟುಗಳೂ ಇದ್ದವಂತೆ. ಕುಂದುರ್ಪಿಯಿಂದ ಮದುವೆ ಜವಳಿಗೆ ಬಂದವರು ಸೀರೆ ಮೂಸಿ ನೋಡಿ, ಗೊಬ್ಬರದ ನಾತ ಅಂತ ಎದ್ದುಹೋದರಂತೆ. ಅಷ್ಟೇ. ಅವತ್ತಿನಿಂದ ಅಣ್ಣ ತಮ್ಮಂದಿರಿಗೆ ಮಾತಿಲ್ಲ. ಮಾತಿಲ್ಲದವರು ಗೋಡೆ ಎಲ್ಲಿ ಬರಬೇಕು ಅನ್ನುವುದನ್ನು ಹೇಗೆ ತೀರ್ಮಾನಿಸಿದರೋ, ಆ ಶಿವನೇ ಬಲ್ಲ.

"ಒಳಗೆ ಬಾ ಹೇಮಾ" ಅಂದ ಅಣ್ಣ.

"ಅಕ್ಕಾ, ಬಾ" ಅಂದ ತಮ್ಮ.

ಒಂದು ಬಾಗಿಲಿಗೆ ಕಾಲಿಟ್ಟರೆ ಇನ್ನೊಂದು ಬಾಗಿಲು ತನ್ನ ಪಾಲಿಗೆ ಮುಚ್ಚಿದಂತೆ. ಹೇಮಾವತಿಗೆ ದಿಕ್ಕು ತೋಚಲಿಲ್ಲ. "ಮೊದ್ಲು ಇದ್ನ ಹಾಕಾನ, ಆಮ್ಯಾಕೆ ಒಳಗೆ ಬತ್ತೀನಿ" ಅಂತ ಜಗಲಿಯ ಮೇಲೇ ಕೂತು ಡಬ್ಬ ಬಿಚ್ಚತೊಡಗಿದಳು. ಸ್ಟೀರಿಯೊ ಹೇಗೆ ಹಾಕುವುದೋ ಅವಳಪ್ಪನಾಣೆಗೂ ಗೊತ್ತಿರಲಿಲ್ಲ. ಹಿಂದೂಪುರದ ಅಂಗಡಿಯಲ್ಲಿ ಗಂಗರಾಜು ತೋರಿಸುವಾಗ ಎಲ್ಲಕ್ಕೂ ತಲೆಯಾಡಿಸಿದ್ದಳು, ಅಷ್ಟೇ.

ಥರ್ಮಾಕೋಲು ಕಿರ್ರೋ ಅಂತ ಹೊರಗೆ ಬಂತು. ಒಳಗೆ ಮೂರು ಸಾಮಾನು. ಗುಂಡಿಗಳಿದ್ದ ಮಧ್ಯದ ಡಬ್ಬ ಒಂದು, ಪುಟ್ಟ ಸ್ಪೀಕರು ಎರಡು. ಜೊತೆಗೊಂದು ರಿಮೋಟು, ಕೆಂಪು ಕಪ್ಪು ವೈರುಗಳು, ಯಾವುದಕ್ಕೆ ಅಂತ ತಿಳಿಯದ ಇನ್ನೊಂದು ಸಣ್ಣ ವೈರು. ಜೊತೆಗಿದ್ದ ಪುಸ್ತಕದಲ್ಲಿ ಅರಬ್ಬಿಯೂ ಇತ್ತು. ಕನ್ನಡವಿಲ್ಲ, ತೆಲುಗೂ ಇಲ್ಲ.

"ಎಲ್ಲಿಗಮ್ಮ ಇದು?" ಪಂಪಮ್ಮ ಕೇಳಿದಳು.

"ಮನೆಗೆ" ಅಂದಳು ಹೇಮಾವತಿ.

ಯಾವ ಮನೆಗೆ ಅನ್ನುವ ಮಾತು ಎಲ್ಲರ ಬಾಯಿಗೂ ಬಂದಿತ್ತು, ಆದರೆ ಯಾರೂ ಕೇಳಲಿಲ್ಲ. ಕೊನೆಗೆ ಶಿವಯೋಗಪ್ಪ ಮೀಸೆ ಸವರಿಕೊಂಡ. "ಸ್ಪೀಕರ್ ಎರಡೈತಲ್ಲ, ಆ ಕಡೆಗೊಂದು, ಈ ಕಡೆಗೊಂದು. ಮಧ್ಯದ್ದು ಜಗಲಿ ಮ್ಯಾಗಿರ್ಲಿ. ಅವನಿಗೆ ಹೇಳು."

ಅವನು ಮೂರಡಿ ದೂರದಲ್ಲೇ ನಿಂತಿದ್ದ. ಆದರೂ ಹೇಮಾವತಿ ತಿರುಗಿ ಹೇಳಿದಳು. "ಆಗ್ಲಿ, ವೈರು ಉದ್ದ ಸಾಲಲ್ಲ, ನಾನು ತತ್ತೀನಿ. ಕರೆಂಟೂ ನಮ್ಮ ಕಡೆಯಿಂದ್ಲೇ ಎಳೀತೀನಿ ಅಂತ ಹೇಳಕ್ಕ" ಅಂದ ಕೊಟ್ರೇಶ. ಅದನ್ನೂ ಈ ಕಡೆಗೆ ತಿರುಗಿ ಹೇಳಿದಳು. ಕರೆಂಟು ಅವನದೇ ಆದರೆ ನಾಳೆ ಎತ್ತಿ ಆಡುತ್ತಾನೆ ಅಂದ ಅಣ್ಣ. ಅದನ್ನು ಮಾತ್ರ ಅವಳು ನುಂಗಿಕೊಂಡಳು.

ವೈರು ಬಂತು. ಒಂದು ಸ್ಪೀಕರು ಬಲಗಡೆ ಬಾಗಿಲೊಳಗೆ ಪಂಪಮ್ಮನ ಬೀರುವಿನ ಮೇಲೆ ಕೂತಿತು. ಇನ್ನೊಂದು ಎಡಗಡೆ ಕಲ್ಪನಾಳ ಫ್ರಿಜ್ಜಿನ ಮೇಲೆ. ಗಂಗರಾಜು ಹಾಡು ತುಂಬಿಸಿಕೊಟ್ಟಿದ್ದ ಪೆನ್‌ಡ್ರೈವ್ ಚುಚ್ಚಿ ಹೇಮಾವತಿ ಗುಂಡಿ ಒತ್ತಿದಳು. ಡಬ್ಬದ ಕಣ್ಣಿನಲ್ಲಿ 'ನೋ ಡಿಸ್ಕ್' ಅಂತ ಬಂತು. ಇನ್ನೊಂದು ಗುಂಡಿ ಒತ್ತಿದರೆ ಬರೀ ಸುಂಯ್ ಅನ್ನುವ ಸದ್ದು. ಮತ್ತೊಂದು ಒತ್ತಿದರೆ ಅದೂ ಇಲ್ಲ. ರಿಮೋಟಿಗಂತೂ ಜೀವವೇ ಇರಲಿಲ್ಲ. ಹಾಳಾದ್ದು, ದಾರಿಯಲ್ಲಿ ಕುಲುಕಾಡಿ ಕೆಟ್ಟಿತೇನೋ ಅಂತ ಬೆವೆತು ಗಂಗರಾಜುವಿಗೆ ಫೋನ್ ಹಚ್ಚಿದಳು.

"ಬ್ಯಾಟರೀ ದಗ್ಗರ ಪ್ಲಾಸ್ಟಿಕ್ ಪೇಪರ್ ಉಂಟುಂದಿ, ಅದಿ ಲಾಗೆಯ್ ಅಕ್ಕಾ" ಅಂದ ಅವನು ತೆಲುಗಿನಲ್ಲಿ.

ರಿಮೋಟಿನ ಬ್ಯಾಟರಿಗೆ ಸಿಕ್ಕಿಸಿದ್ದ ಪ್ಲಾಸ್ಟಿಕ್ ಚೂರನ್ನು ಎಳೆದಳು. ರಿಮೋಟಿನಲ್ಲಿ 'ಫಂಕ್ಷನ್' ಅನ್ನುವುದನ್ನು ಒತ್ತು, ಯುಎಸ್‌ಬಿ ಬರುವ ತನಕ ಒತ್ತುತ್ತಾ ಇರು ಅಂತ ಅವನು ಹೇಳಿದ ಹಾಗೇ ಮಾಡಿದಳು. ಇದ್ದಕ್ಕಿದ್ದಂತೆ ಹಾಡು ಶುರುವಾಯಿತು. ಹಳೆಯ ಭಜನೆ. ಒಬ್ಬಾಕೆ ಸಾಲು ಹೇಳುವುದು, ಗುಂಪು ಅದನ್ನೇ ತಿರುಗಿ ಹೇಳುವುದು. ಅವ್ವನಿಗೆ ಇಷ್ಟವಾದ ಬಗೆ. ಹೇಮಾವತಿ ಕಣ್ಣೊರೆಸಿಕೊಂಡು ನಕ್ಕಳು. ಗೆದ್ದೆ ಅನ್ನಿಸಿತು.

ಗೆದ್ದದ್ದು ಒಂದು ಗಳಿಗೆ ಮಾತ್ರ.

"ಇದೇನಕ್ಕ ಹಿಂಗೈತೆ?" ಎಡಗಡೆ ಬಾಗಿಲಿನಲ್ಲಿ ಕಲ್ಪನಾ ನಿಂತಿದ್ದಳು. "ಹಾಡೋಳು ಆ ಕಡೆಗೆ ಹೋಗ್ಬುಟ್ಟವ್ಳೆ. ನಮಗೆ ಬರೀ ತಬಲ, ತಾಳ, ಹಿಂದಿನೋರ ಗಲಾಟೆ."

ಹೇಮಾವತಿ ಒಳಗೆ ಕಾಲಿಡದೆ ಹೊಸ್ತಿಲಲ್ಲೇ ನಿಂತು ಕೇಳಿದಳು. ನಿಜ. ಫ್ರಿಜ್ಜಿನ ಮೇಲಿನ ಸ್ಪೀಕರು ಸುಮ್ಮನಿರುತ್ತದೆ, ಆಮೇಲೆ ಗುಂಪು ಉತ್ತರ ಕೊಡುತ್ತದೆ. ಯಾರಿಗೆ ಉತ್ತರ ಅಂತಲೇ ತಿಳಿಯದು. ಬಲಗಡೆ ಹೋಗಿ ಕೇಳಿದಳು. ಅಲ್ಲಿ ಆಕೆ ಒಂದು ಸಾಲು ಹೇಳಿ ನಿಲ್ಲುತ್ತಾಳೆ, ಯಾರೂ ಓಗೊಡುವುದಿಲ್ಲ. ಪಂಪಮ್ಮ ಮಾತ್ರ ಖುಷಿಯಾಗಿದ್ದಳು. "ನಮಗೇನ್ ತೊಂದ್ರೆಯಿಲ್ಲ ಕಣಮ್ಮ, ಚೆನ್ನಾಗಿ ಬತ್ತೈತೆ."

"ಬತ್ತೈತೆ, ಯಾಕ್ ಬರಲ್ಲ?" ಆ ಕಡೆಯಿಂದ ಕೊಟ್ರೇಶ. "ಹಳೇ ಬಾಗಿಲೂ ಅವರಿಗೇ, ಹಾಡೂ ಅವರಿಗೇ. ನಮಗೆ ಕಿಟಕಿ ಒಡೆದ ಬಾಗಿಲು, ತಬಲ. ಅಕ್ಕಾ, ನೀನೂನಾ?"

ಆ 'ನೀನೂನಾ' ಅನ್ನುವುದು ಹೇಮಾವತಿಯ ಎದೆಗೆ ನಾಟಿತು. ಓಡಿಹೋಗಿ ಡಬ್ಬದ ಹಿಂದೆ ವೈರುಗಳನ್ನು ಅದಲುಬದಲು ಮಾಡಿದಳು. ಈಗ ಹಾಡುವವಳು ಎಡಗಡೆಗೆ ಬಂದಳು, ತಬಲ ಬಲಗಡೆಗೆ ಹೋಯಿತು. ಕಲ್ಪನಾಳ ಮುಖ ಅರಳಿತು. ಪಂಪಮ್ಮನ ಮುಖ ಬಾಡಿತು.

"ನೋಡಿದ್ಯಾ, ಮಾತಾಡಿದೋರ ಕಡೆಗೆ ತಿರುಗಿಸಿಬುಟ್ಳು" ಅಂದ ಶಿವಯೋಗಪ್ಪ ಹೆಂಡತಿಗೆ, ತಂಗಿಗೆ ಕೇಳುವ ಹಾಗೆ.

ಇದೊಳ್ಳೆ ಪೀಕಲಾಟ! ಮತ್ತೆ ಬದಲಿಸಿದಳು. ಮತ್ತೆ ಕೊಟ್ರೇಶನ ಮುಖ ಗಂಟಾಯಿತು. ಬರೀ ಕೆಂಪು ವೈರು ಬದಲಿಸಿದರೆ ಏನಾದರೂ ಆದೀತೇ ಅಂತ ಅದನ್ನೂ ಮಾಡಿದಳು, ಎರಡೂ ಕಡೆ ಗೊರಗೊರ ಅಂದದ್ದಕ್ಕೆ ಇನ್ನಷ್ಟು ಹೆದರಿದಳು. ಮೊದಲಿದ್ದ ಹಾಗೆ ಮಾಡಿ, ಉಸಿರು ಸಿಕ್ಕದವಳ ಹಾಗೆ ಗಂಗರಾಜುವಿಗೆ ಮತ್ತೆ ಫೋನ್ ಮಾಡಿದಳು. ಎಲ್ಲರಿಗೂ ಕೇಳಲಿ ಅಂತ ಫೋನಿನ ಸ್ಪೀಕರ್ ಹಾಕಿದಳು.

ಅವನು ನಗುತ್ತಿದ್ದ. "ಅಕ್ಕಾ, ರೆಂಡು ಸ್ಪೀಕರ್ಲೂ ಒಕೇ ರೂಮ್‌ಲೋ ಪೆಟ್ಟಾಲಿ. ವಿನೇವಾಳ್ಳು ಮಧ್ಯಲೋ ಕೂಚ್ಚೋವಾಲ. ಹಳೇ ಭಜನೆಗಳೆಲ್ಲ ಹಂಗೇ ರೆಕಾರ್ಡ್ ಮಾಡಿರ್ತಾರೆ, ಒಂದು ಕಡೆ ಹೇಳೋರು, ಒಂದು ಕಡೆ ಗುಂಪು."

ಎರಡೂ ಒಂದೇ ಕೋಣೆಯಲ್ಲಿ ಇರಬೇಕು. ಕೇಳುವವರು ಮಧ್ಯದಲ್ಲಿ ಕೂರಬೇಕು. ಜಗಲಿಯ ಮೇಲಿದ್ದ ಎಲ್ಲರಿಗೂ ತೆಲುಗು ಬರುತ್ತಿತ್ತು, ಯಾರಿಗೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಫೋನ್ ಇಟ್ಟ ಮೇಲೂ ಭಜನೆ ಆ ಕಡೆ ಅರ್ಧ, ಈ ಕಡೆ ಅರ್ಧ ನಡೆಯುತ್ತಲೇ ಇತ್ತು.

"ಮಧ್ಯ ಅಂದ್ರೆ ಎಲ್ಲಣ್ಣ?" ಹೇಮಾವತಿ ಕೇಳಿದಳು. "ಅವ್ವನ ಮಂಚ ಇದ್ದ ಜಾಗ ತಾನೆ? ನಾನ್ ಮಲಗ್ತಿದ್ದ ಜಾಗ? ಅಲ್ಲಿ ಇಟ್ಟಿಗೆ ಇಟ್ಟೀರಲ್ಲ. ನಾನೆಲ್ಲಿ ಕೂರ್ಲಿ?"

ಅಳಬಾರದು ಅಂದುಕೊಂಡಿದ್ದಳು. ಅತ್ತೇಬಿಟ್ಟಳು. ಪಂಪಮ್ಮ ಸೆರಗಿನಲ್ಲಿ ಕೈ ಒರೆಸಿಕೊಂಡಳು, ಕಲ್ಪನಾ ನೆಲ ನೋಡಿದಳು. ಶಿವಯೋಗಪ್ಪನಿಗೆ ಹೆಂಗಸರ ಅಳು ಕಂಡರೆ ಆಗದು, ಹೇಗಾದರೂ ಮಾಡಿ ಮುಗಿಸಬೇಕು.

"ಅಳ್ಬ್ಯಾಡ ಕಣಮ್ಮ, ಇದ್ರಾಗೆ ಕಷ್ಟ ಏನೈತೆ? ನಂಗೊಂದು ಸ್ಪೀಕರು, ಅವನಿಗೊಂದು ಸ್ಪೀಕರು. ಮಧ್ಯದ ಡಬ್ಬ ನೀನೇ ಇಟ್ಕ. ನ್ಯಾಯವಾಗಿ ಮೂರು ಭಾಗ ಆಯ್ತು."

ಅವನು ಸಮಾಧಾನಕ್ಕೆ ಅಂದದ್ದು. ಹೇಮಾವತಿ ಮಾತ್ರ ಅಳು ನಿಲ್ಲಿಸಿ ಅವನ ಮುಖವನ್ನೇ ನೋಡಿದಳು. ಅವ್ವ ಹೋದಾಗ ಅವಳೇನೂ ಪಾಲು ಕೇಳಿರಲಿಲ್ಲ. ಯಾರೂ ಅವಳನ್ನು ಕೇಳಿರಲಿಲ್ಲ. ಈ ಮನೆಯಲ್ಲಿ ಮೂರು ಅನ್ನುವ ಲೆಕ್ಕ ಇವತ್ತೇ ಮೊದಲು ಅಣ್ಣನ ಬಾಯಿಂದ ಬಿದ್ದದ್ದು, ಅದೂ ಅವಳೇ ತಂದ ಸಾಮಾನಿಗೆ. ಅವಳಿಗೆ ಸಿಟ್ಟು ಬಂತು, ನಗುವೂ ಬಂತು. ಯಾವುದನ್ನು ಮೊದಲು ಮಾಡುವುದೋ ತಿಳಿಯದೆ ಮೂಗು ಸೀಟಿಕೊಂಡಳು.

"ಮಾತು ಕೊಟ್ಟ ಮ್ಯಾಗೆ ಆಯ್ತಣ್ಣ. ಮೂರು ಭಾಗ."

ಪ್ಲಗ್ಗು ಕಿತ್ತಳು. ಎರಡೂ ಮನೆಯಲ್ಲಿ ಹಾಡು ಒಟ್ಟಿಗೆ ನಿಂತಿತು. ವೈರು ಬಿಚ್ಚಿ, ಮಧ್ಯದ ಡಬ್ಬವನ್ನು ಥರ್ಮಾಕೋಲಿನಲ್ಲಿ ಕೂರಿಸಿ, ರಟ್ಟಿನ ಪೆಟ್ಟಿಗೆಗೆ ತುಂಬತೊಡಗಿದಳು.

"ಏನೇ ಮಾಡ್ತಿದ್ದೀಯ?" ಶಿವಯೋಗಪ್ಪ ಗಾಬರಿಯಾದ.

"ನನ್ನ ಭಾಗ ತಗಂಡು ಹೋಯ್ತೀನಿ. ಸ್ಪೀಕರ್ ನಿಮ್ಮವು, ಇಟ್ಕಳ್ರಿ."

"ಡಬ್ಬ ಇಲ್ದೆ ಬರೀ ಸ್ಪೀಕರ್ ಇಟ್ಕಂಡು ಏನ್ ಪೂಜೆ ಮಾಡಾನಾ?"

"ಹಾಡು ಬೇಕು ಅನ್ನಿಸ್ದಾಗ ಕರೀರಿ, ಡಬ್ಬ ತಗಂಡು ಬತ್ತೀನಿ. ಆದ್ರೆ ಹಿಂಗೆ ಆ ಕಡೆಯಿಂದೊಂದು ಫೋನು, ಈ ಕಡೆಯಿಂದೊಂದು ಫೋನು ಬ್ಯಾಡ. ಇಬ್ರೂ ಒಂದೇ ಫೋನ್ನಾಗೆ ಕರೀಬೇಕು. ಒಬ್ರೇ ಕರೆದ್ರೆ ನಾನು ಬರಾಕಿಲ್ಲ, ಆಣೆ."

ಹೇಳಿದ ಮೇಲೆ ಅವಳಿಗೆ ಹೆದರಿಕೆಯಾಯಿತು. ಇವರು ಕರೆಯದಿದ್ದರೆ? ಇರುವ ಎರಡು ಬಾಗಿಲನ್ನೂ ತಾನೇ ಮುಚ್ಚಿಕೊಂಡಂತಾಯಿತಲ್ಲ! ಬುದ್ಧಿವಂತಿಕೆ ಮಾಡಿದೆನೋ ಹುಚ್ಚುತನ ಮಾಡಿದೆನೋ ಅವಳಿಗೇ ಗೊತ್ತಾಗಲಿಲ್ಲ. ರಟ್ಟಿನ ಮುಚ್ಚಳ ಎಷ್ಟು ಒತ್ತಿದರೂ ಕೂರುತ್ತಿರಲಿಲ್ಲ. ಕಲ್ಪನಾ ಬಂದು ಒಂದು ಕಡೆ ಹಿಡಿದಳು, ಪಂಪಮ್ಮ ಬಂದು ಇನ್ನೊಂದು ಕಡೆ ಹಿಡಿದಳು.

"ಇಲ್ಲೇ ಎಲೆ ಹಾಕ್ತೀವಿ, ಉಂಡ್ಕಂಡು ಹೋಗು" ಅಂದಳು ಪಂಪಮ್ಮ ಮೆಲ್ಲಗೆ. ಹೇಮಾವತಿ ಹೂಂ ಅಂದಳು. ಬೆಳಿಗ್ಗೆಯಿಂದ ಹೊಟ್ಟೆಗೆ ಏನೂ ಬಿದ್ದಿರಲಿಲ್ಲ.

ಗಂಡಸರಿಬ್ಬರೂ ನಿಂತೇ ಇದ್ದರು. ಕೊಟ್ರೇಶ ಕಂಬಕ್ಕೆ ಒರಗಿದ್ದ. ಶಿವಯೋಗಪ್ಪ ಮೀಸೆಗೆ ಕೈ ಒಯ್ದ, ಸವರಲಿಲ್ಲ. ಹಾಗೇ ಕೈ ಇಳಿಸಿ, ಯಾರ ಮುಖವನ್ನೂ ನೋಡದೆ ಕೇಳಿದ.

"ಗೌರಿ ಹಬ್ಬಕ್ಕೆ ಕರೀಬೇಕಲ್ಲ. ಯಾರ ಫೋನಿಂದ ಮಾಡಾನ್ಲಾ ಕೊಟ್ರ?"

'ಅವನಿಗೆ ಹೇಳು' ಅನ್ನಲಿಲ್ಲ. ಹೇಮಾವತಿ ಯಾರಿಗೂ ಏನೂ ತಿರುಗಿಸಿ ಹೇಳಬೇಕಾಗಲಿಲ್ಲ. ಕೊಟ್ರೇಶ ಬೆಚ್ಚಿದವನ ಹಾಗೆ ಅಣ್ಣನನ್ನು ನೋಡಿ, ಜೇಬು ತಡಕಿಕೊಂಡು, "ನಂದ್ರಾಗೆ ಬ್ಯಾಲೆನ್ಸ್ ಐತೆ ಕಣಣ್ಣ" ಅಂದ.