ಕಲ್ಲುಕ್ವಾರಿಯ ಕಾಡವರೆ

ಸಸ್ಯಸಂಗ್ರಹಾಲಯಕ್ಕೆ ಗಿಡಗಳ ಚಿತ್ರ ಬರೆದುಕೊಡುವುದು ಅವಳ ಕೆಲಸ. ಬಳ್ಳಿಗಳ ಕುರಿತ ಪುಸ್ತಕಕ್ಕೆ ಉಳಿದ ಚಿತ್ರಗಳೆಲ್ಲ ಮುಗಿದು, ಕಾಡವರೆಯದೊಂದು ಮಾತ್ರ ಕಗ್ಗಂಟಾಗಿ ಕೂತಿತ್ತು. ಕಪಾಟಿನಲ್ಲಿದ್ದ ಒಣ ಮಾದರಿಯ ಹೂ ಚಹಾದ ಕಲೆಯಂತಾಗಿ ಹಾಳೆಗೆ ಅಂಟಿಕೊಂಡಿತ್ತು. ಅಂದಾಜಿನ ಮೇಲೆ ಬಣ್ಣ ತುಂಬಲು ಅವಳಿಗೆ ಮನಸ್ಸೊಪ್ಪಲಿಲ್ಲ. ಊರಾಚೆಯ ಹಳೆಯ ಕಲ್ಲುಕ್ವಾರಿಯಲ್ಲಿ ಅದು ಈಗ ಹೂಬಿಟ್ಟಿದೆಯೆಂದು ಸಸ್ಯತಜ್ಞರು ಹೇಳಿದ್ದರು. ಆದರೆ ಮೊಣಕಾಲಿನ ಆಪರೇಷನ್ ಆದಮೇಲೆ ಮನೆಯ ಮೆಟ್ಟಿಲು ಹತ್ತುವುದೇ ಅವಳಿಗೆ ಹರಸಾಹಸ. ಕ್ವಾರಿಯ ಮಾತೆಲ್ಲಿ ಬಂತು.

ಊಟಕ್ಕೆ ಕೂತಾಗ ಇದನ್ನು ಹೇಳಿಕೊಂಡರೆ, ನಾದಿನಿ ತಟ್ಟೆಯಿಂದ ತಲೆಯನ್ನೇ ಎತ್ತಲಿಲ್ಲ.

"ನಾಳೆ ನಂಗೆ ರಜ. ಕರ್ಕೊಂಡು ಹೋಗ್ತೀನಿ," ಅಂದಳು, ಅಷ್ಟೇ.

ನಾದಿನಿ ಬಸ್ ಓಡಿಸುವವಳು. ಗಂಟಲು ದೊಡ್ಡದು, ನಡೆದರೆ ನೆಲ ದಡದಡ. ಒಂದೇ ಸೂರಿನಡಿ ಇದ್ದರೂ ಇಬ್ಬರ ನಡುವೆ ಮಾತು ಅಳೆದು ಸುರಿದಷ್ಟು. ಆಪರೇಷನ್ ಆದಾಗ ಅತ್ತಿಗೆಯನ್ನು ಎಬ್ಬಿಸಿ, ಕೂರಿಸಿ, ಸ್ನಾನ ಮಾಡಿಸಿ, ತಲೆ ಬಾಚಿದವಳೂ ಇವಳೇ. ಅದಕ್ಕೊಂದು ಒಳ್ಳೆಯ ಮಾತು ಹೇಳಬೇಕೆಂದು ಅತ್ತಿಗೆ ಎಷ್ಟೋ ಸಲ ಬಾಯಿ ತೆರೆದಿದ್ದಳು. ಮಾತು ನಾಲಿಗೆಯ ತುದಿಗೆ ಬಂದು ವಾಪಸಾಗುತ್ತಿತ್ತು.

ಮರುದಿನ ಕ್ವಾರಿ ತಲುಪುವಷ್ಟರಲ್ಲಿ ಬಿಸಿಲು ನೆತ್ತಿಗೇರಿತ್ತು. ಇಳಿಜಾರಿನ ಬುಡದಲ್ಲಿ ಅತ್ತಿಗೆ ತಡವರಿಸಿ, "ಸ್ವಲ್ಪ ಕೈ ಕೊಡು," ಅಂದಳು.

"ಕೈ ಕೊಡೋ ಜಾತಿ ನಾನಲ್ಲ. ಹಿಡ್ಕೋ ಅನ್ನು, ಹಿಡ್ಕೋತೀನಿ."

ನಗುತ್ತ, ಏದುಸಿರು ಬಿಡುತ್ತ ಇಬ್ಬರೂ ಮೇಲೇರಿದರು. ಮಣ್ಣೆಂಬುದು ಹೆಸರಿಗಷ್ಟೇ ಇದ್ದ ಕಲ್ಲಂಚಿನಲ್ಲಿ ಕಾಡವರೆ ಮುಳ್ಳುಪೊದೆಯೊಂದನ್ನು ಸುತ್ತಿ ಹಬ್ಬಿತ್ತು. ಮುಳ್ಳಿನ ಆಸರೆಯಿಲ್ಲದ ಕಡೆ ಅದನ್ನು ಮೇಕೆಗಳು ಬುಡಸಮೇತ ಮೇಯ್ದಿದ್ದವು. ನೂಲಿನಷ್ಟು ತೆಳುವಾದ ಕಾಂಡ, ಅದರ ಮೈತುಂಬ ಕಂದು ರೋಮ, ಒಂದೊಂದು ತೊಟ್ಟಿಗೂ ಮೂರು ಎಲೆ. ಎಲ್ಲ ಇತ್ತು; ಹೂ ಮಾತ್ರ ಮುದುಡಿತ್ತು. ಬೆಳಗ್ಗೆ ಅರಳಿ ಬಿಸಿಲೇರಿದಂತೆ ಮುಚ್ಚಿಕೊಳ್ಳುವ ಹೂವಂತೆ ಅದು. ಹಾಗೆಂದು ಅವಳು ಎಲ್ಲೋ ಓದಿದ್ದು ನೆನಪಾದದ್ದೇ ಆಗ.

ಅವಳಿಗೆ ಅಳುವೇ ಬಂತು. ಬಂದದ್ದಕ್ಕಾದರೂ ಇರಲೆಂದು ಎಲೆಯನ್ನೂ ಕಾಯನ್ನೂ ಬರೆದುಕೊಂಡಳು. ಒಣಗಿದ ಕಾಯೊಂದು ಬೆರಳು ತಾಗಿದ್ದೇ ಪಟ್ಟೆಂದು ಸೀಳಿ ಸುರುಳಿಯಾಗಿ, ಬೀಜಗಳನ್ನು ನಾದಿನಿಯ ಮುಖಕ್ಕೇ ಎರಚಿತು.

"ನಾಳೆ ಬೆಳಗ್ಗೆ ಬರೋಣ," ಅಂದಳು ನಾದಿನಿ, ಕೆನ್ನೆ ಒರೆಸಿಕೊಳ್ಳುತ್ತ.

"ನಿಂಗೆ ಬೆಳಗಿನ ಪಾಳಿ ಅಲ್ವಾ?"

"ಅದನ್ನ ನಂಗೆ ಬಿಡು."

ಮಾರನೆಯ ದಿನ ಬೆಳಕು ಹರಿಯುವಾಗ, ಕಾರಿನಲ್ಲಿ ಹೋಗುತ್ತಿದ್ದಂತೆ ನಾದಿನಿಯ ಫೋನ್ ರಿಂಗಾಯಿತು. ಸ್ಪೀಕರಿನಲ್ಲಿ ಗಂಡಸಿನ ಸ್ವರವೊಂದು, ನಿನ್ನ ಪಾಳಿಯ ಬಸ್ ತಗೊಂಡು ನಾನು ಹೊರಟಿದ್ದೇನೆ, ಚಿಂತೆ ಬೇಡ ಎಂದಿತು. ಆ ಸ್ವರ ಅತ್ತಿಗೆಗೆ ಗೊತ್ತಿತ್ತು. ಡಿಪೋದಲ್ಲಿ ಎಲ್ಲರೆದುರು ನಾದಿನಿಯ ಬಗ್ಗೆ ಹಗುರವಾಗಿ ಮಾತಾಡಿದ್ದ ಡ್ರೈವರ್ ಅವನು. ಸತ್ತರೂ ಅವನ ಮುಖ ನೋಡುವುದಿಲ್ಲವೆಂದು ನಾದಿನಿ ಹಟ ಹಿಡಿದಿದ್ದಳು.

"ಅವನ ಹತ್ರ ಹೋಗಿ ಕೇಳಿದ್ಯಾ?"

"ಬೇರೆ ಯಾರಿಗೂ ಬಿಡುವಿರ್ಲಿಲ್ಲ. ಮನೆಗೇ ಹೋದೆ. ಕೂರ್ಸಿ ನೀರು ಕೊಟ್ಟ, ಪಾಪ."

ಅತ್ತಿಗೆ ಕಿಟಕಿಯ ಕಡೆ ತಿರುಗಿ ಕಣ್ಣೊರೆಸಿಕೊಂಡಳು.

ಹೂಗಳು ಅರಳಿದ್ದವು. ಎಳೆ ಹಳದಿ; ನಡುವಿನ ಎಸಳುಗಳು ಬಸವನಹುಳುವಿನ ಚಿಪ್ಪಿನ ಹಾಗೆ ಒಂದೇ ಬದಿಗೆ ತಿರುಚಿಕೊಂಡಿದ್ದವು. ಒಣ ಮಾದರಿಯಲ್ಲಿ ಆ ತಿರುವು ಚಪ್ಪಟೆಯಾಗಿ ಹೋಗಿತ್ತು. ಅವಳು ಊಟ ತಿಂಡಿ ಮರೆತು ಬರೆದಳು. ನಾದಿನಿ ಒಂದು ಕೈಯಲ್ಲಿ ಕೊಡೆ ಹಿಡಿದು, ಇನ್ನೊಂದರಲ್ಲಿ ಮುಳ್ಳಿನ ಕೊಂಬೆ ಸರಿಸಿಕೊಂಡು, ತೋಳು ಸೋತರೂ ಅಲುಗದೆ ನಿಂತಿದ್ದಳು.

ಕೊನೆಯ ಹೂ ಮುಚ್ಚಿಕೊಂಡಾಗ ಅತ್ತಿಗೆ ಕುಂಚ ಕೆಳಗಿಟ್ಟಳು.

"ಇವತ್ತಿಂದಷ್ಟೇ ಅಲ್ಲ. ನಾನು ಹಾಸಿಗೆ ಹಿಡಿದಾಗ ಮಾಡಿದ್ದೂ ಸೇರಿ. ನಿನ್ನಿಂದ ತುಂಬಾ ಉಪಕಾರ ಆಯ್ತು ಕಣೆ. ಹೇಳ್ಬೇಕು ಅಂತಿದ್ದೆ, ಬಾಯಿ ಬರ್ತಿರ್ಲಿಲ್ಲ."

ನಾದಿನಿ ಕೊಡೆ ಮಡಚುವ ನೆಪದಲ್ಲಿ ಬಹಳ ಹೊತ್ತು ತೆಗೆದುಕೊಂಡಳು. ಆಮೇಲೆ ಪಕ್ಕದಲ್ಲೇ ಧೊಪ್ಪನೆ ಕೂತು, ಅಣ್ಣ ತೀರಿಹೋದಮೇಲೂ ತನ್ನನ್ನು ಮನೆಯಲ್ಲಿ ಬೇರೆಯವಳೆಂದು ನೋಡದೆ ಇಟ್ಟುಕೊಂಡದ್ದು ಯಾರೆಂದು ಕೇಳಿದಳು. ಅದೊಂದು ಉಪಕಾರವೆಂದೇ ಅತ್ತಿಗೆಗೆ ಎಂದೂ ಅನ್ನಿಸಿರಲಿಲ್ಲ.

ಬಿಸಿಲು ಏರುತ್ತಿತ್ತು. ಇಬ್ಬರಿಗೂ ಏಳುವ ಅವಸರವಿರಲಿಲ್ಲ.