ಅಡೆ ಹಾಕಿದ ಇಶಾಡ

೨೦೦೬, ಮೇ ೧೮. ಚಟ್ಟಕ್ಕೆ ಹಾಸಲೆಂದು ಸುನಿಲ ಜಗಲಿಯ ಮೂಲೆಯಿಂದ ಹುಲ್ಲು ಎಳೆದದ್ದೇ ತಡ, ಅದರೊಳಗೆ ಹಣ್ಣಾಗಲು ಇಟ್ಟಿದ್ದ ಅರವತ್ತೆರಡು ಇಶಾಡ ಮಾವು ಒಂದರ ಹಿಂದೊಂದು ಉರುಳಿದವು. ಅಷ್ಟನ್ನೂ ಎಣಿಸಿ ಅಡೆ ಹಾಕಿದ್ದ ಅವನ ಚಿಕ್ಕಪ್ಪ ಜಟ್ಟಪ್ಪ ಅಂಗಳದಲ್ಲಿ ಮಲಗಿದ್ದ. ಬೆಳಗಿನ ಜಾವ ಎದೆನೋವೆಂದವನು ಬಿಸಿಲೇರುವ ಮೊದಲೇ ಮುಗಿದಿದ್ದ. ಕೇಣಿ ಊರಿನ ಆ ಮನೆಯಲ್ಲಿ ಒಲೆ ಹೊತ್ತಿರಲಿಲ್ಲ. ಹಸಿದ ಜನರ ನಡುವೆ ಹಣ್ಣಿನ ವಾಸನೆ ಹರಡಿತು.

“ಯಾರೂ ಮುಟ್ಬೇಡಿ,” ಎಂದ ಜಟ್ಟಪ್ಪನ ಅಣ್ಣ ಮಾದು. “ದೇವ್ರಿಗೆ ಇಡ್ದೇ ಹೊಸ ಹಣ್ಣು ತಿನ್ನೂಕಿಲ್ಲ. ಅಂವನ ಕ್ರಮ ಅಂವ ಸತ್ತ ದಿನವೇ ಮುರಿಯೂದಾ?”

“ಇಡೂದು ಯಾವಾಗ ಭಾವಾ?” ಜಟ್ಟಪ್ಪನ ಹೆಂಡತಿ ಕಲಾವತಿಯ ದನಿ ಅತ್ತು ಒಣಗಿತ್ತು.

“ಸೂತಕ ಕಳ್ದ ಮೇಲೆ. ಹನ್ನೊಂದು ದಿನ.”

“ಅಷ್ಟು ದಿನ ಇಶಾಡ ಇರ್ತದ್ಯಾ? ಹುಳ ತಿಂತದೆ,” ಎಂದಳು ನೆರೆಮನೆಯ ತಿಮ್ಮಿ. “ಜಟ್ಟಪ್ಪಣ್ಣ ಹುಳಕ್ಕೂ ಕ್ರಮ ಹೇಳಿ ಹೋಗಿದ್ರೆ ಚಲೋ ಆಗ್ತಿತ್ತು.”

ಯಾರೋ ನಕ್ಕು, ಹೆಣದ ಕಡೆ ನೋಡಿ ಬಾಯಿ ಮುಚ್ಚಿಕೊಂಡರು.

ಬಸುರಿ ಹೆಣ ನೋಡಬಾರದೆಂದು ಮಗಳು ದೀಪಾಲಿಯನ್ನು ಹಿಂದಿನ ಕೋಣೆಯಲ್ಲಿ ಕೂಡಿಸಿದ್ದರು. ಅವಳಿಗೆ ಏಳು ತಿಂಗಳು. ಇಶಾಡ ತಿನ್ನಬೇಕೆಂದೇ ಅಮದಳ್ಳಿಯ ಗಂಡನ ಮನೆಯಿಂದ ಬಂದಿದ್ದಳು. “ಸೋಮವಾರ ದೇವ್ರಿಗಿಟ್ಟು ಕೊಡ್ತೆ, ತಡಿ,” ಎಂದಿದ್ದ ಜಟ್ಟಪ್ಪ. ಇಂದು ಗುರುವಾರ.

*

‘ತಡಿ’ ಎಂಬ ಮಾತನ್ನು ಕಲಾವತಿ ಮೂವತ್ತು ವರ್ಷ ಉಂಡಿದ್ದಳು. ಮಳೆಗಾಲಕ್ಕೆ ಒಣಮೀನು, ಶ್ರಾವಣಕ್ಕೆ ಕೆಸುವಿನೆಲೆ, ದೀಪಾವಳಿಗೆ ಮೊಗೆಕಾಯಿ. ಕಾಲ ತಪ್ಪಿದ ಒಂದು ತುತ್ತೂ ಆ ಮನೆಯ ಹೊಸಿಲು ದಾಟಿರಲಿಲ್ಲ. ದೀಪಾಲಿ ಹೊಟ್ಟೆಯಲ್ಲಿದ್ದಾಗ, ಮಾಘದಲ್ಲಿ, ಕಾರವಾರದ ಸಂತೆಯಲ್ಲಿ ಎಲ್ಲಿಂದಲೋ ಬಂದ ಮಾವು ಕಂಡು ಅವಳು ನಿಂತುಬಿಟ್ಟಿದ್ದಳು.

“ನಮ್ ಮರದ್ದು ಬರ್ಲಿ. ಕಾಲ ಅಲ್ದ ಕಾಲದ್ದು ಎಂತಾ ಹಣ್ಣು?” ಎಂದು ಗಂಡ ಬಸ್ಸು ಹತ್ತಿಸಿದ್ದ.

ವೈಶಾಖದಲ್ಲಿ ಹಣ್ಣು ಬಂತು. ಅಷ್ಟರಲ್ಲಿ ಅವಳು ಬಾಣಂತಿ, ಮಾವು ಮುಟ್ಟುವಂತಿರಲಿಲ್ಲ. ಮೆಣಸಿನ ಸಾರಿನ ಅನ್ನ ಮುಂದಿಟ್ಟುಕೊಂಡು, ಗಂಡ ಅಂಗಳದಲ್ಲಿ ಕೂತು ಗೊರಟೆ ಚೀಪುವುದನ್ನು ಕಿಟಕಿಯಿಂದ ನೋಡಿದ್ದಳು.

*

“ಬಾಯಿಗೆ ನೀರು ಬಿಡೂರು ಬನ್ನಿ,” ಮಾದು ಕರೆದ.

ಮೊದಲು ಹೆಂಡತಿ. ಕಲಾವತಿ ನೀರಿನ ತಂಬಿಗೆ ಮುಟ್ಟಲಿಲ್ಲ. ಉರುಳಿ ಬಿದ್ದಿದ್ದ ಹಣ್ಣೊಂದನ್ನು ಎತ್ತಿ, ತೊಟ್ಟು ಕಚ್ಚಿ ಉಗಿದು, ಬಗ್ಗಿ ಹಿಂಡಿದಳು. ಹಳದಿ ರಸ ಜಟ್ಟಪ್ಪನ ತುಟಿಯ ಮೇಲೆ ಬಿತ್ತು.

“ಎಂತಾ ಮಾಡ್ದೆ ತಂಗೀ! ದೇವ್ರಿಗಿಡದ್ದು!”

“ಯಜಮಾನ್ರೇ ತಿಂದಾಯ್ತಲ್ಲ ಭಾವಾ. ಇನ್ನು ನನ್ ಮಗಳಿಗೆ ಅಡ್ಡ ಬರ್ಬೇಡಿ.”

ಮಾದು ಹೆಗಲ ಪಂಜಿಯಿಂದ ತಮ್ಮನ ಬಾಯಿ ಒರೆಸಿದ. ಅಡ್ಡ ಬರಲಿಲ್ಲ.

ಕಲಾವತಿ ಇನ್ನೊಂದು ಹಣ್ಣು ಹಿಡಿದು ಹಿಂದಿನ ಕೋಣೆಗೆ ನಡೆದಳು.

“ತಿನ್ನು ಮಗಾ. ಬಸುರಿ ಬಯಕೆ ಬಾಕಿ ಇಡೂಕಾಗ.”

ದೀಪಾಲಿ ಹಣ್ಣನ್ನು ಮೂಗಿನ ಹತ್ತಿರ ತಂದಳು. ಮರುಕ್ಷಣವೇ ಬಾಯಿಗೆ ಸೆರಗು ಒತ್ತಿಕೊಂಡು ಅದನ್ನು ತಾಯಿಯ ಕೈಗೆ ತುರುಕಿದಳು.

“ಬ್ಯಾಡ ಆಯಿ. ಅಪ್ಪನ ಕೈ ವಾಸ್ನೆ ಬತ್ತದೆ.”

“ಒಂದೇ ಒಂದು ತುತ್ತು.”

“ಬ್ಯಾಡ ಅಂದ್ನಲೇ!”

ಹೊರಗೆ ಚಟ್ಟ ಎತ್ತಿದರು. ಹೆಂಗಸರ ಅಳು ಒಮ್ಮೆಲೇ ಏರಿತು. ಕಲಾವತಿ ಅಂಗಳಕ್ಕೆ ಹೋಗಬೇಕಿತ್ತು, ಹೋಗಲಿಲ್ಲ. ಬಿಗಿದ ಮುಷ್ಟಿಯಲ್ಲಿ ಹಣ್ಣಿನ ಸಿಪ್ಪೆ ಒಡೆಯಿತು. ಬೆಳಿಗ್ಗೆಯಷ್ಟೇ ಬಳೆ ತೆಗೆಸಿದ್ದ ಮುಂಗೈಯ ಮೇಲೆ ರಸ ಎಲ್ಲಿಯೂ ನಿಲ್ಲದೆ ಮೊಣಕೈವರೆಗೆ ಇಳಿಯಿತು.